ಮೂರನೇ ಸಾಲಿನಿಂದ ಅಳೆದ ಕಾರು

ದೊಡ್ಡ ಕಾರಿನ ಮಾತು ಬಂದರೆ ಎಲ್ಲರೂ ಮುಂಭಾಗದಿಂದಲೇ ಶುರು ಮಾಡುತ್ತಾರೆ. ಎಂಜಿನ್ ಎಷ್ಟು ಸಿ.ಸಿ., ಪರದೆ ಎಷ್ಟು ಇಂಚು, ಮೈಲೇಜ್ ಎಷ್ಟು, ಸನ್‌ರೂಫ್ ಇದೆಯೇ ಎನ್ನುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ನಾನು ಏಳು ಆಸನದ ಕಾರನ್ನು ಹಿಂದಿನಿಂದ ಅಳೆಯುತ್ತೇನೆ. ಐದು ಜನಕ್ಕೆ ಕಾರು ಬೇಕಿದ್ದರೆ ಇದಕ್ಕಿಂತ ಅಗ್ಗವಾದ, ಓಡಿಸಲು ಹಗುರವಾದ ಕಾರುಗಳು ಬೇಕಾದಷ್ಟಿವೆ. ಹೆಚ್ಚಿನ ಹಣ, ಹೆಚ್ಚಿನ ಜಾಗ, ಹೆಚ್ಚಿನ ತೆರಿಗೆ ಎಲ್ಲವನ್ನೂ ನಾವು ತೆರುವುದು ಕೊನೆಯ ಆ ಒಂದು ಸಾಲಿಗಾಗಿ. ಅಲ್ಲಿ ಕುಳಿತವರನ್ನು ವಿಚಾರಿಸದೆ ಕಾರು ಚೆನ್ನಾಗಿದೆ ಎಂದು ಹೇಗೆ ಹೇಳುವುದು?

ಆ ಸಾಲು ಯಾರ ಪಾಲಿಗೆ ಎಂಬುದನ್ನು ನಮ್ಮ ಮನೆಗಳಲ್ಲಿ ಯಾರೂ ಕುಳಿತು ತೀರ್ಮಾನಿಸುವುದಿಲ್ಲ. ಅದು ತಾನಾಗಿ ಆಗಿಬಿಡುತ್ತದೆ. ಮಾವನವರು ಮುಂದೆ, ಅತ್ತೆ ಮತ್ತು ಅಮ್ಮ ನಡುವೆ, ಉಳಿದವರು ಹಿಂದೆ. ಉಳಿದವರೆಂದರೆ ಮಕ್ಕಳು, ಓರಗಿತ್ತಿ, ಇಲ್ಲವೇ ರಜೆಗೆ ಬಂದ ಚಿಕ್ಕಪ್ಪನ ಮಗಳು. ಜಾಗ ಸಾಕೇ ಎಂದು ಕೇಳಿದರೆ ‘ಸಾಕು ಸಾಕು, ಹೊರಡಿ’ ಎನ್ನುವ ಪೈಕಿ ಇವರು. ಆ ಉತ್ತರವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಸನದಲ್ಲಿ ಕಾಫಿಗೆ ನಿಲ್ಲಿಸಿದಾಗ ಅವರು ಇಳಿದು ಎಷ್ಟು ಹೊತ್ತು ಸೊಂಟ ನೇರ ಮಾಡಿಕೊಳ್ಳುತ್ತಾರೆ ಎಂಬುದನ್ನು ನೋಡುತ್ತೇನೆ.

ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಏಳು ಆಸನದ ಡೀಸೆಲ್ ಕಾರಿದೆ. ಬನಶಂಕರಿಯಲ್ಲಿ ವಾಸ, ಸಕಲೇಶಪುರದ ಕಡೆ ಊರು, ಕುಕ್ಕೆ ಮತ್ತು ಧರ್ಮಸ್ಥಳಕ್ಕೆ ಹರಕೆಗಳು, ಮೈಸೂರಿನಲ್ಲಿ ನಾದಿನಿಯ ಮನೆ. ಬೆಂಗಳೂರಿನ ಬಹಳಷ್ಟು ಕುಟುಂಬಗಳ ಓಡಾಟದ ನಕ್ಷೆ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಈಗ ತಮ್ಮನ ಮನೆಯವರೂ ಇಂಥದೇ ಕಾರು ಕೊಳ್ಳುವ ಯೋಚನೆಯಲ್ಲಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ಆ ಮೂರನೇ ಸಾಲು ಏಕೆ ಹಾಗಿರುತ್ತದೆ ಎಂಬುದನ್ನು ನೋಡೋಣ. ನಮ್ಮ ಕಡೆ ದೊಡ್ಡ ಕುಟುಂಬದ ಕಾರಿನ ಕಥೆ ಬಿಡದಿಯಿಂದ ಹೊರಡುತ್ತದೆ. 2000ದಲ್ಲಿ ಅಲ್ಲಿನ ಟೊಯೊಟಾ ಕಾರ್ಖಾನೆಯಿಂದ ಕ್ವಾಲಿಸ್ ಬಂತು. 2005ರಲ್ಲಿ ಅದನ್ನು ನಿಲ್ಲಿಸಿ ಇನ್ನೋವಾ ತಂದರು, 2016ರಲ್ಲಿ ಇನ್ನೋವಾ ಕ್ರಿಸ್ಟಾ ಬಂತು. ಈ ಮೂರೂ ಲಾರಿಯಂತೆ ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ ಕಾರುಗಳು. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ. ಅಡಿಯಲ್ಲಿ ಚೌಕಟ್ಟು, ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ಒಯ್ಯಲು ಉದ್ದಕ್ಕೂ ಹೋಗುವ ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಚಕ್ರಗಳನ್ನು ಜೋಡಿಸುವ ಆಕ್ಸಲ್ ಎಲ್ಲಕ್ಕೂ ಜಾಗ ಬೇಕು. ಹಾಗಾಗಿ ಕಾಲಿಡುವ ನೆಲ ಮೇಲೇರುತ್ತದೆ. ಛಾವಣಿಯನ್ನು ಅಷ್ಟೇ ಏರಿಸಲಾಗದು. ಆದ್ದರಿಂದ ಹಿಂದಿನ ಸೀಟು ನೆಲಕ್ಕೆ ಹತ್ತಿರ ಉಳಿಯುತ್ತದೆ. ಅಲ್ಲಿ ಕುಳಿತ ದೊಡ್ಡವರ ಮೊಣಕಾಲು ಸೊಂಟಕ್ಕಿಂತ ಮೇಲಕ್ಕೆ ಬರುತ್ತದೆ, ತೊಡೆಗೆ ಆಸರೆ ಸಿಗುವುದಿಲ್ಲ, ಇಡೀ ಮೈಭಾರ ಬೆನ್ನಿನ ಕೆಳತುದಿಯ ಮೇಲೆ ಬೀಳುತ್ತದೆ. ಮೂರನೇ ಸಾಲಿನಿಂದ ಇಳಿದವರು ಸೊಂಟ ಹಿಡಿದುಕೊಳ್ಳುವುದು ಇದಕ್ಕೇ. ಮೊಣಕಾಲಿನ ಮುಂದೆ ಎಷ್ಟು ಜಾಗವಿದೆ ಎಂದು ಎಲ್ಲರೂ ಕೈಯಿಟ್ಟು ನೋಡುತ್ತಾರೆ. ನೆಲದಿಂದ ಸೀಟು ಎಷ್ಟು ಎತ್ತರದಲ್ಲಿದೆ ಎಂಬುದನ್ನು ನೋಡುವವರು ಕಡಿಮೆ. ದೂರದ ಪ್ರಯಾಣದಲ್ಲಿ ಕಾಡುವುದು ಈ ಎತ್ತರವೇ.

ಆ ಸಾಲು ಹಿಂದಿನ ಚಕ್ರಗಳ ನೇರಕ್ಕೆ ಬರುವುದರಿಂದ ಗುಂಡಿಯ ಪೆಟ್ಟೂ ಅಲ್ಲಿಯೇ ಹೆಚ್ಚು. ಮುಂದೆ ಕುಳಿತವರಿಗೆ ರಸ್ತೆ ಕಾಣುತ್ತದೆ, ಹಂಪ್ ಬಂದಾಗ ಮೈ ತಾನಾಗಿ ಸಜ್ಜಾಗುತ್ತದೆ. ಹಿಂದೆ ಕುಳಿತ ಹುಡುಗಿಗೆ ಕಾಣುವುದು ಎದುರಿನ ಸೀಟಿನ ಬೆನ್ನು ಮತ್ತು ಪಕ್ಕದಲ್ಲೊಂದು ಚಿಕ್ಕ ಕಿಟಕಿ. ಕಣ್ಣು ಹೇಳುವುದು ಒಂದು, ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದು ಇನ್ನೊಂದು. ಘಾಟಿಯಲ್ಲಿ ಮಕ್ಕಳಿಗೆ ವಾಂತಿಯಾಗುವುದರ ಹಿಂದೆ ಈ ಗೊಂದಲವಿದೆ. ನನ್ನ ಚಿಕ್ಕ ಮಗಳು ದೋಣಿಗಾಲ್ ದಾಟಿ ಶಿರಾಡಿ ಇಳಿಯಲು ಶುರುವಾದೊಡನೆ ಬಿಳಿಚಿಕೊಳ್ಳುತ್ತಿದ್ದಳು. ಈಗ ಸಕಲೇಶಪುರದಲ್ಲಿಯೇ ನಿಲ್ಲಿಸಿ ಅವಳನ್ನು ನಡುವಿನ ಸಾಲಿನ ಕಿಟಕಿಗೆ ತಂದು, ನಮ್ಮವರು ಹಿಂದಕ್ಕೆ ಹೋಗುತ್ತಾರೆ. ಮಗುವಿಗೆ ದೂರದ ಬೆಟ್ಟ ಕಂಡರೆ ಅರ್ಧ ತೊಂದರೆ ಇಲ್ಲವಾಗುತ್ತದೆ. ಸಾಲು ಬದಲಿಸಿಕೊಂಡು ಕೂರುವ ಅಭ್ಯಾಸ ಮನೆಯಲ್ಲಿದ್ದರೆ ದೊಡ್ಡ ಕಾರಿನ ದೊಡ್ಡ ಕೊರತೆಯೊಂದನ್ನು ಎಷ್ಟೋ ತಗ್ಗಿಸಬಹುದು. ಮನೆಯ ಯಜಮಾನರು ಘಾಟಿಯಲ್ಲಿ ಒಮ್ಮೆಯಾದರೂ ಹಿಂದೆ ಕೂರಲಿ ಎಂಬುದು ನನ್ನ ಮನಃಪೂರ್ವಕ ಕೋರಿಕೆ.

2022ರ ಕೊನೆಯಲ್ಲಿ ಬಂದ ಇನ್ನೋವಾ ಹೈಕ್ರಾಸ್ ಈ ಏಣಿ ಚೌಕಟ್ಟನ್ನು ಕೈಬಿಟ್ಟಿತು. ಅದು ಮೊನೊಕಾಕ್, ಅಂದರೆ ದೇಹವೂ ಚೌಕಟ್ಟೂ ಒಂದೇ ಆಗಿರುವ ರಚನೆ. ಎಳೆತ ಮುಂದಿನ ಚಕ್ರಗಳಿಗೆ. ನೆಲದಡಿ ಶಾಫ್ಟ್ ಇಲ್ಲದ್ದರಿಂದ ನೆಲವನ್ನು ತಗ್ಗಿಸಲು ಸಾಧ್ಯವಾಯಿತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವೂ ಕ್ರಿಸ್ಟಾದ 2,750 ಮಿ.ಮೀ.ನಿಂದ 2,850 ಮಿ.ಮೀ.ಗೆ ಹೆಚ್ಚಿತು. ಆ ಹತ್ತು ಸೆಂಟಿಮೀಟರಿನ ಬೆಲೆ ಮೂರನೇ ಸಾಲಿನಲ್ಲಿ ಕುಳಿತವರಿಗೆ ಗೊತ್ತಾಗುತ್ತದೆ. 2012ರಿಂದ ಇರುವ ಮಾರುತಿ ಎರ್ಟಿಗಾ ಮೊದಲಿನಿಂದಲೂ ಇದೇ ಬಗೆಯ ರಚನೆಯದು. ಆದರೆ ಅದರ ಉದ್ದ ನಾಲ್ಕೂವರೆ ಮೀಟರಿಗೂ ಕಡಿಮೆ. ಮೂರು ಸಾಲುಗಳನ್ನು ಅಷ್ಟರಲ್ಲೇ ಹಂಚಬೇಕು.

ಹಾಗಾದರೆ ಹಳೆಯ ರಚನೆ ಕೆಟ್ಟದ್ದೇ? ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಹಳದಿ ಬೋರ್ಡಿನ ಚಾಲಕರು ಇಪ್ಪತ್ತು ವರ್ಷಗಳಿಂದ ಇನ್ನೋವಾವನ್ನು ನೆಚ್ಚಿಕೊಂಡಿರುವುದು ಸುಮ್ಮನೆ ಅಲ್ಲ. ತೋಟದ ರಸ್ತೆಯ ಕಲ್ಲು, ಮಳೆಗಾಲದ ಕೊರಕಲು, ಮೇಲೆ ಕ್ಯಾರಿಯರ್, ಒಳಗೆ ತುಂಬಿದ ಜನ, ಇವೆಲ್ಲವನ್ನೂ ವರ್ಷಗಟ್ಟಲೆ ತಡೆದುಕೊಳ್ಳಲು ಆ ಚೌಕಟ್ಟಿಗೆ ಶಕ್ತಿಯಿದೆ. ಕ್ರಿಸ್ಟಾದ 2.4 ಲೀಟರ್ ಡೀಸೆಲ್ ಎಂಜಿನ್ ಕೊಡುವುದು 150 ಪಿ.ಎಸ್. ಶಕ್ತಿ, ಮ್ಯಾನುಯಲ್ ಗೇರಿನಲ್ಲಿ 343 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಕಾಗದದ ಮೇಲೆ ಇಂದು ಇದಕ್ಕಿಂತ ದೊಡ್ಡ ಸಂಖ್ಯೆಗಳು ಸಿಗುತ್ತವೆ. ಈ ಟಾರ್ಕ್ ಎಂಜಿನ್ ನಿಧಾನವಾಗಿ ತಿರುಗುವಾಗಲೇ ಸಿಗುವುದರಿಂದ ಏಳು ಜನರನ್ನು ಕೂರಿಸಿಕೊಂಡು ಘಾಟಿ ಹತ್ತುವಾಗ ಎಂಜಿನ್ ಅರಚುವುದಿಲ್ಲ, ಪದೇ ಪದೇ ಗೇರು ಬದಲಿಸಬೇಕಾಗಿಲ್ಲ. ದೊಡ್ಡ ಕುಟುಂಬವನ್ನು ಹೊತ್ತೊಯ್ಯುವ ಎಂಜಿನ್ನಿಗೆ ಇರಬೇಕಾದ ಗುಣವೇ ಇದು.

ತುಂಬಿದಾಗ ಇಂಥ ಕಾರು ಚೆನ್ನಾಗಿ ಓಡುತ್ತದೆ ಎಂಬುದನ್ನು ಎಲ್ಲರೂ ಅನುಭವದಿಂದ ಬಲ್ಲರು. ಹಿಂದಿನ ಸ್ಪ್ರಿಂಗುಗಳನ್ನು ಪೂರ್ತಿ ಭಾರಕ್ಕೆಂದೇ ಗಡುಸಾಗಿ ಮಾಡಿರುತ್ತಾರೆ. ಒಬ್ಬರೇ ಓಡಿಸುವಾಗ ಹಿಂಭಾಗ ಕುಪ್ಪಳಿಸುತ್ತದೆ. ಏಳು ಜನ ಕುಳಿತೊಡನೆ ಅದೇ ಕಾರು ನೆಲಕ್ಕೆ ಅಂಟಿಕೊಂಡಂತೆ ಸಾಗುತ್ತದೆ. ಆದರೆ ಅದೇ ಭಾರ ಬ್ರೇಕಿನ ಮೇಲೂ ಬೀಳುತ್ತದೆ ಎಂಬುದನ್ನು ಮರೆಯುವಂತಿಲ್ಲ. ತಲೆಗೆ ಅರವತ್ತೈದು ಕಿಲೋ ಎಂದರೂ ಏಳು ಜನಕ್ಕೆ 455 ಕಿಲೋ. ಲಗೇಜು ಸೇರಿದರೆ ಅರ್ಧ ಟನ್. ಮೊದಲೇ ಒಂದೂಮುಕ್ಕಾಲು ಟನ್ನಿಗೂ ಹೆಚ್ಚು ತೂಗುವ ಗಾಡಿ ಅದು. ಖಾಲಿ ಕಾರಿನಲ್ಲಿ ಕಾಲಿಗೆ ರೂಢಿಯಾದ ಬ್ರೇಕಿನ ಅಂದಾಜು ತುಂಬಿದ ಕಾರಿಗೆ ಸಾಲದು. ಮೈಸೂರಿನ ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ಮಿತಿಯಿದೆ. ಏಳು ಜನರಿದ್ದಾಗ ನಾನು ಅದಕ್ಕಿಂತಲೂ ಸಾಕಷ್ಟು ಕೆಳಗೇ ಇರುತ್ತೇನೆ. ಹೊರಡುವ ಮುನ್ನ ಟೈರಿನ ಗಾಳಿಯನ್ನು ಪೂರ್ತಿ ಭಾರದ ಅಳತೆಗೆ ಹೆಚ್ಚಿಸಿಕೊಳ್ಳುತ್ತೇನೆ. ಎಷ್ಟಿರಬೇಕು ಎಂಬುದನ್ನು ಕಾರಿನ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಬಹಳ ಜನ ಅದನ್ನು ತೆರೆದೇ ನೋಡಿರುವುದಿಲ್ಲ.

ಲಗೇಜಿನ ವಿಷಯದಲ್ಲಿ ಮಾತ್ರ ಯಾವ ಕಂಪನಿಯೂ ನಮ್ಮ ಪ್ರಯಾಣವನ್ನು ಅರ್ಥಮಾಡಿಕೊಂಡಂತೆ ಕಾಣುವುದಿಲ್ಲ. ಮೂರೂ ಸಾಲುಗಳನ್ನು ಎತ್ತಿ ನಿಲ್ಲಿಸಿದರೆ ಕ್ರಿಸ್ಟಾದ ಡಿಕ್ಕಿಯಲ್ಲಿ ಉಳಿಯುವುದು 300 ಲೀಟರ್ ಜಾಗ, ಎರ್ಟಿಗಾದಲ್ಲಿ 209 ಲೀಟರ್. ಏಳು ಜನರ ಎರಡು ದಿನದ ಬಟ್ಟೆಗೆ ಇದು ಹೇಗೋ ಸಾಕು. ಊರಿಂದ ಮರಳುವಾಗ ಏನಾಗುತ್ತದೆ? ಅರ್ಧ ಮೂಟೆ ತೆಂಗಿನಕಾಯಿ, ಬಾಳೆಗೊನೆ, ಹಲಸಿನ ಹಪ್ಪಳದ ಡಬ್ಬ, ಕಾಫಿ ಪುಡಿ, ಮಿಡಿ ಉಪ್ಪಿನಕಾಯಿಯ ಜಾಡಿ. ಬೇಡವೆಂದರೆ ದೊಡ್ಡಮ್ಮನಿಗೆ ಬೇಸರ. ಜಾಡಿ ಕೊನೆಗೆ ಹಿಂದಿನ ಸಾಲಿನಲ್ಲಿ ಕುಳಿತವರ ಪಾದಗಳ ನಡುವೆ ಬರುತ್ತದೆ, ಬೆಂಗಳೂರಿನವರೆಗೆ ಅವರು ಕಾಲು ಚಾಚುವಂತಿಲ್ಲ. ಏಳು ಆಸನವೂ ಬೇಕು, ಏಳು ಜನರ ಸಾಮಾನೂ ಬೇಕು ಎಂದರೆ ಮೇಲೆ ಕ್ಯಾರಿಯರ್ ಹಾಕಿಸಲೇಬೇಕು. ಹಾಕಿಸಿದರೆ ಗಾಳಿಯ ಸದ್ದು ಹೆಚ್ಚುತ್ತದೆ, ಮೈಲೇಜ್ ಇಳಿಯುತ್ತದೆ, ತಿರುವಿನಲ್ಲಿ ಕಾರು ಇನ್ನಷ್ಟು ವಾಲುತ್ತದೆ. ನನ್ನ ದೃಷ್ಟಿಯಲ್ಲಿ ಇದು ನಿಜವಾಗಿ ಆರು ಜನರ ಕಾರು. ಹಿಂದಿನ ಸಾಲಿನ ಅರ್ಧವನ್ನು ಮಡಚಿ ಸಾಮಾನಿಗೆ ಬಿಟ್ಟುಕೊಟ್ಟರೆ ಎಲ್ಲರ ಪ್ರಯಾಣವೂ ಸುಖ.

ಈಗ ನಾನು ಈ ಕಾರನ್ನು ಏಕೆ ಪ್ರೀತಿಸುತ್ತೇನೆ ಎಂಬುದನ್ನು ಹೇಳಬೇಕು. ಅಮ್ಮನಿಗೆ ಬಲಗಾಲಿನ ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಯಾಗಿದೆ. ಚಿಕ್ಕ ಕಾರಿಗೆ ಹತ್ತುವಾಗ ಬಗ್ಗಬೇಕು, ಇಳಿಯುವಾಗ ಬಾವಿಯಿಂದ ಮೇಲೆ ಬರುವಂತೆ ಏಳಬೇಕು. ಅವರಿಗೆ ಎರಡೂ ಆಗದು. ನಮ್ಮ ಕಾರಿನ ನಡುವಿನ ಸೀಟು ಹೆಚ್ಚುಕಡಿಮೆ ಅವರ ಸೊಂಟದ ಎತ್ತರಕ್ಕಿದೆ. ಬಾಗಿಲು ತೆರೆದ ಮೇಲೆ ಅವರು ಮೊದಲು ಬಾಗಿಲಿನ ಪಕ್ಕದ ಕಂಬದ ಹಿಡಿಯನ್ನು ಬಲಗೈಯಲ್ಲಿ ಹಿಡಿಯುತ್ತಾರೆ. ಎಡಗಾಲನ್ನು ಮೆಟ್ಟಿಲ ಮೇಲಿಟ್ಟು ಒಂದು ಕ್ಷಣ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೀಟಿನ ಅಂಚಿಗೆ ಪಕ್ಕವಾಗಿ ಕೂರುತ್ತಾರೆ. ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಕ್ಕೆ ತಿರುಗಿಸಿಕೊಳ್ಳುತ್ತಾರೆ. ಯಾರ ಕೈಯನ್ನೂ ಬಯಸುವುದಿಲ್ಲ. ಮೆಟ್ಟಿಲನ್ನು ಬೇರೆಯಾಗಿ ಹಾಕಿಸಿದ್ದೇವೆ, ಅದಿಲ್ಲದಿದ್ದರೆ ನೆಲ ಅವರಿಗೆ ತುಸು ಎತ್ತರವೇ. ಶಸ್ತ್ರಚಿಕಿತ್ಸೆಗೆ ಮುಂಚೆ ಮದುವೆ, ಗೃಹಪ್ರವೇಶ ಯಾವುದಕ್ಕೂ ಬರುವುದಿಲ್ಲ ಎನ್ನುತ್ತಿದ್ದವರು ಈಗ ತಾವಾಗಿಯೇ ‘ಕುಕ್ಕೆಗೆ ಯಾವಾಗ?’ ಎಂದು ಕೇಳುತ್ತಾರೆ. ಚಾಚಿಕೊಂಡು ಕೂರಬಲ್ಲ, ಕೈಯೂರಲು ಆಸರೆಯಿರುವ, ಬಿಡಿಬಿಡಿಯಾದ ನಡುವಿನ ಎರಡು ಸೀಟುಗಳು ವಯಸ್ಸಾದವರಿರುವ ಮನೆಗೆ ವರದಾನ. ಇಂಥ ಸೀಟಿನ ಕಾರಿಗೂ ನಡುವೆ ಮೂವರು ಕೂರುವ ಬೆಂಚಿನ ಕಾರಿಗೂ ನಡುವೆ ಆಯ್ಕೆ ಇದ್ದರೆ ಹಿರಿಯರಿರುವವರು ಕಣ್ಣುಮುಚ್ಚಿ ಬಿಡಿ ಸೀಟನ್ನು ಆರಿಸಿಕೊಳ್ಳಬೇಕು. ನಡುವಿನ ಓಣಿಯಲ್ಲಿ ಮಕ್ಕಳು ಹಿಂದಕ್ಕೆ ನುಸುಳಿ ಹೋಗುವುದೂ ಸುಲಭ, ಅಜ್ಜಿಯನ್ನು ಎಬ್ಬಿಸಬೇಕಾಗಿಲ್ಲ.

ಇನ್ನು ನಗರದ ಮಾತು. ಬೆಂಗಳೂರು ಈ ಕಾರುಗಳಿಗಾಗಿ ಕಟ್ಟಿದ ಊರಲ್ಲ. ಇಪ್ಪತ್ತು–ಮೂವತ್ತರ ನಿವೇಶನದ ಆಳ ಮೂವತ್ತು ಅಡಿ. ಕ್ರಿಸ್ಟಾದ ಉದ್ದ 4,735 ಮಿ.ಮೀ., ಅಂದರೆ ಹದಿನೈದೂವರೆ ಅಡಿ. ನಿವೇಶನದ ಅರ್ಧಕ್ಕೂ ಹೆಚ್ಚು! ಗೇಟಿನ ಒಳಗೆ ನಿಲ್ಲದ ಕಾರು ರಸ್ತೆಯಲ್ಲಿ ನಿಲ್ಲುತ್ತದೆ. ರಸ್ತೆಯಲ್ಲಿ ನಿಂತರೆ ಎದುರು ಮನೆಯವರ ಗೇಟು ತೆರೆಯದು, ಆಂಬುಲೆನ್ಸ್ ತಿರುಗದು, ಪಾದಚಾರಿಗಳು ನಡುರಸ್ತೆಗೆ ಇಳಿಯಬೇಕಾಗುತ್ತದೆ. ನಮ್ಮ ಬೀದಿಯಲ್ಲಿ ಸಂಜೆ ಏಳರ ಹೊತ್ತಿಗೆ ಎರಡೂ ಬದಿ ಕಾರುಗಳು ತುಂಬಿ, ಹಾಲಿನ ಆಟೋ ಹಿಂದೆ ಹಿಂದೆ ಸರಿದು ಹೊರಹೋಗುತ್ತದೆ. ಮನೆಯ ಅಂಗಳದಲ್ಲಿ ಜಾಗವಿಲ್ಲದವರು ಇಷ್ಟು ಉದ್ದದ ಕಾರು ಕೊಳ್ಳಬಾರದು ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಬೀದಿ ಎಲ್ಲರದು.

ಅಪಾರ್ಟ್‌ಮೆಂಟಿನವರ ಕಷ್ಟ ಬೇರೆ ಥರದ್ದು. ನೆಲಮಾಳಿಗೆಯಲ್ಲಿ ಒಂದು ಕಾರಿಗೆ ಸಾಮಾನ್ಯವಾಗಿ ಗೆರೆ ಹಾಕುವುದು ಎರಡೂವರೆ ಮೀಟರ್ ಅಗಲಕ್ಕೆ. ಕ್ರಿಸ್ಟಾದ ಅಗಲವೇ 1.83 ಮೀಟರ್. ಪಕ್ಕದವರದೂ ಇಷ್ಟೇ ಅಗಲದ ಕಾರಾದರೆ ಎರಡರ ನಡುವೆ ಉಳಿಯುವುದು ಎರಡು ಅಡಿಗಿಂತ ತುಸು ಹೆಚ್ಚು, ಕನ್ನಡಿಗಳೂ ಅದರೊಳಗೇ ಬರಬೇಕು. ಒಂದು ಬದಿಗೆ ಕಂಬವಿದ್ದರೆ ಆ ಕಡೆಯ ಬಾಗಿಲನ್ನು ಮರೆತುಬಿಡಬೇಕು. ಹಿರಿಯರನ್ನು ಲಿಫ್ಟಿನ ಬಳಿಯೇ ಇಳಿಸಿ ಆಮೇಲೆ ಕಾರು ನಿಲ್ಲಿಸುವುದು ಅನಿವಾರ್ಯ. ಕೊಳ್ಳುವ ಮೊದಲು ಟೇಪು ಹಿಡಿದು ನಿಮ್ಮ ಜಾಗವನ್ನು ಅಳೆಯಿರಿ. ಶೋರೂಮಿನ ವಿಶಾಲವಾದ ಹಾಲಿನಲ್ಲಿ ಎಲ್ಲ ಕಾರುಗಳೂ ಪುಟ್ಟದಾಗಿ ಕಾಣುತ್ತವೆ. ಗಾಂಧಿ ಬಜಾರಿಗೆ ಹೂವು ಹಣ್ಣು ತರಲು ನಾನು ಈ ಕಾರನ್ನು ತೆಗೆಯುವುದೇ ಇಲ್ಲ. ಆಟೋ ಇದೆ, ಮೆಟ್ರೊ ಇದೆ.

ವಾರದ ದಿನಗಳಲ್ಲಿ ಏಳು ಸೀಟಿನಲ್ಲಿ ಒಬ್ಬರೇ ಕುಳಿತು ಸಿಲ್ಕ್ ಬೋರ್ಡಿನ ಕಡೆ ಹೊರಟವರನ್ನು ನೋಡಿದರೆ ಸಂಕಟವಾಗುತ್ತದೆ. ಡೀಸೆಲ್ ಕಾರಾದರೆ ಇದರಲ್ಲಿ ಇನ್ನೊಂದು ನಷ್ಟವೂ ಇದೆ. ವಾಹನದ ಹೊಗೆಗೆ ಮಿತಿ ಹಾಕುವ ಬಿ.ಎಸ್. 6 ನಿಯಮ 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ನಂತರ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿ.ಪಿ.ಎಫ್. ಎಂಬ ಶೋಧಕವಿರುತ್ತದೆ. ಸೇರಿದ ಮಸಿಯನ್ನು ಅದು ಆಗಾಗ ಸುಟ್ಟುಹಾಕಬೇಕು. ಅದಕ್ಕೆ ಹೊಗೆ ಚೆನ್ನಾಗಿ ಕಾದಿರಬೇಕು, ಅಂದರೆ ಕಾರು ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ದಿನವೂ ನಾಲ್ಕೈದು ಕಿಲೋಮೀಟರ್ ತೆವಳಿ ನಿಲ್ಲುವ ಕಾರಿಗೆ ಆ ಅವಕಾಶವೇ ಇಲ್ಲ. ಮಸಿ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ಪರಿಚಯದವರೊಬ್ಬರು ದೀಪವನ್ನು ಅಲಕ್ಷಿಸಿ ಕೊನೆಗೆ ಕಾರನ್ನು ಎಳೆಸಿಕೊಂಡು ಹೋಗಬೇಕಾಯಿತು. ನಗರದೊಳಗೇ ಓಡಿಸುವವರಿಗೆ ಇಂದಿನ ಡೀಸೆಲ್ ಹೇಳಿಸಿದ್ದಲ್ಲ.

ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಜೊತೆಗಿರುವ ಹೈಬ್ರಿಡ್‌ನ ಗುಣ ಇದಕ್ಕೆ ತದ್ವಿರುದ್ಧ. ಬ್ರೇಕು ಹಾಕಿದಾಗ ಪೋಲಾಗುವ ಶಕ್ತಿಯನ್ನು ಅದು ಬ್ಯಾಟರಿಗೆ ತುಂಬಿಕೊಳ್ಳುತ್ತದೆ, ತೆವಳುವ ದಟ್ಟಣೆಯಲ್ಲಿ ಎಷ್ಟೋ ಹೊತ್ತು ಎಂಜಿನ್ನನ್ನು ಆರಿಸಿ ವಿದ್ಯುತ್ತಿನಲ್ಲೇ ಸಾಗುತ್ತದೆ. ಹೈಕ್ರಾಸ್ ಹೈಬ್ರಿಡ್‌ಗೆ ಅಧಿಕೃತ ಪರೀಕ್ಷೆಯಲ್ಲಿ ಬಂದ ಮೈಲೇಜ್ ಲೀಟರಿಗೆ 23.24 ಕಿ.ಮೀ. ರಸ್ತೆಯಲ್ಲಿ ಅಷ್ಟು ಸಿಗುತ್ತದೆ ಎಂದು ಯಾರೂ ಎಣಿಸಬಾರದು. ಆದರೂ ಇಷ್ಟು ದೊಡ್ಡ ಪೆಟ್ರೋಲ್ ಕಾರಿಗೆ ಇದು ದೊಡ್ಡ ಮಾತು. ಕ್ಲಚ್ ಇಲ್ಲ ಎನ್ನುವುದೊಂದೇ ಬೆಂಗಳೂರಿನ ಎಡಗಾಲುಗಳಿಗೆ ಸಾಕು.

ದುಡ್ಡಿನ ಲೆಕ್ಕವನ್ನು ಬೇಗ ಮುಗಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ 40% ಜಿ.ಎಸ್.ಟಿ., ನಾಲ್ಕು ಮೀಟರಿನ ಒಳಗಿನ ಸಣ್ಣ ಎಂಜಿನ್ನಿನ ಕಾರುಗಳಿಗೆ 18%. ಅದರ ಮೇಲೆ ಕರ್ನಾಟಕದ ಆಜೀವ ತೆರಿಗೆ. ಹತ್ತರಿಂದ ಇಪ್ಪತ್ತು ಲಕ್ಷದವರೆಗಿನ ಕಾರಿಗೆ 17%, ಇಪ್ಪತ್ತು ಲಕ್ಷ ದಾಟಿದರೆ 18%, ತೆರಿಗೆಯ ಮೇಲೆ ಮತ್ತೆ ಸೆಸ್. ಇಪ್ಪತ್ತೆರಡು ಲಕ್ಷದ ಕಾರಿಗೆ ನೋಂದಣಿಯ ಹೊತ್ತಿಗೇ ನಾಲ್ಕು ಲಕ್ಷಕ್ಕೂ ಹೆಚ್ಚು ಹೋಗುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಲ ಮಾತ್ರ ಎಲ್ಲರೂ ಒಟ್ಟಿಗೆ ಹೊರಡುವ ಮನೆಯಾದರೆ ಚಿಕ್ಕ ಕಾರನ್ನು ಇಟ್ಟುಕೊಂಡು, ಬೇಕಾದಾಗ ಚಾಲಕರ ಸಮೇತ ದೊಡ್ಡ ಕಾರನ್ನು ಬಾಡಿಗೆಗೆ ಕರೆಯುವುದು ಒಳ್ಳೆಯದು. ಇದರಲ್ಲಿ ಕಡಿಮೆಯಾಗುವ ಮರ್ಯಾದೆ ಏನೂ ಇಲ್ಲ. ಚಾಲಕರಿಗೆ ಘಾಟಿ ನಮಗಿಂತ ಚೆನ್ನಾಗಿ ಗೊತ್ತು, ಮನೆಯವರೆಲ್ಲರೂ ಮಾತಾಡಿಕೊಂಡು ಹೋಗಬಹುದು.

ಸುರಕ್ಷತೆಯ ಬಗ್ಗೆ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ. ಏಳು ಸೀಟೆಂದರೆ ಏಳು ಬೆಲ್ಟ್, ಏಳು ಬೆಲ್ಟ್ ಎಂದರೆ ಏಳೇ ಜನ. ‘ಚಿಕ್ಕ ಮಗು ತಾನೇ, ಮಡಿಲಲ್ಲಿ ಕೂರಲಿ’ ಎನ್ನುವ ಮಾತು ಪ್ರತಿ ಮದುವೆಯ ದಿಬ್ಬಣದಲ್ಲೂ ಬರುತ್ತದೆ. ಕಾರು ಹಠಾತ್ತನೆ ನಿಂತರೆ ಯಾವ ತಾಯಿಯ ತೋಳಿಗೂ ಮಗುವನ್ನು ಹಿಡಿದಿಡುವ ಬಲವಿಲ್ಲ. ಮಗುವನ್ನು ಬೆಲ್ಟ್ ಇಲ್ಲವೇ ಮಕ್ಕಳ ಸೀಟಿನಿಂದ ಭದ್ರಪಡಿಸದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಡಿ ಸಾವಿರ ರೂಪಾಯಿ ದಂಡವಿದೆ, ದಂಡ ಇಲ್ಲದಿದ್ದರೂ ಇದನ್ನು ಮಾಡಬೇಕು. ಹಿಂದಿನ ಸಾಲಿನ ತಲೆದಿಂಬುಗಳನ್ನು ಮೇಲೆತ್ತುವುದನ್ನು ಬಹಳ ಜನ ಮರೆಯುತ್ತಾರೆ. ಆ ಸಾಲಿನವರ ತಲೆಯ ಹಿಂದೆ ಡಿಕ್ಕಿಯ ಗಾಜು ಹತ್ತಿರದಲ್ಲೇ ಇರುತ್ತದೆ. ಕಿಟಕಿಯ ಮೇಲಿಂದ ಬಿಚ್ಚಿಕೊಳ್ಳುವ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನವರೆಗೆ ಬರುತ್ತದೆಯೇ ಎಂದು ಕೇಳಿ, ಬಾಯಿಮಾತಿನ ಉತ್ತರಕ್ಕೆ ಒಪ್ಪದೆ ಕೈಪಿಡಿಯಲ್ಲಿ ತೋರಿಸಲು ಹೇಳಿ. ಅಲ್ಲಿ ಕುಳಿತವರಿಗೆ ತಮ್ಮದೇ ಬಾಗಿಲು ಇಲ್ಲ, ಮುಂದಿನ ಸೀಟು ಮಡಚಿದರಷ್ಟೇ ದಾರಿ. ಮಡಚುವ ಹಿಡಿ ಒಳಗಿನಿಂದ ಕೈಗೆ ಸಿಗುತ್ತದೆಯೇ, ಹತ್ತು ವರ್ಷದ ಮಗುವಿಗೆ ಅದನ್ನು ಎಳೆಯಲು ಸಾಧ್ಯವೇ ಎಂಬುದನ್ನು ಮಗುವನ್ನೇ ಕೂರಿಸಿ ಪರೀಕ್ಷಿಸಿ.

ತಮ್ಮನಿಗೆ ನಾನು ಹೇಳಿದ್ದು ಇಷ್ಟು. ಅವನ ಮನೆಯಿರುವುದು ವೈಟ್‌ಫೀಲ್ಡಿನಲ್ಲಿ, ಅತ್ತೆ ಮಾವ ಜೊತೆಗಿದ್ದಾರೆ, ಎರಡು ಮಕ್ಕಳು, ದಿನವೂ ಕಾರಿನಲ್ಲೇ ಓಡಾಟ, ಊರಿಗೆ ಹೋಗುವ ರಸ್ತೆ ಮನೆಯಂಗಳದವರೆಗೂ ಡಾಂಬರು. ಅವನಿಗೆ ನೆಲ ತಗ್ಗಾದ, ನಡುವೆ ಬಿಡಿ ಸೀಟುಗಳಿರುವ ಹೈಬ್ರಿಡ್ ಹೊಂದುತ್ತದೆ. ಬಜೆಟ್ ಅಷ್ಟಿಲ್ಲದಿದ್ದರೆ ಎರ್ಟಿಗಾದಂಥ ಚಿಕ್ಕದೊಂದನ್ನು ಕೊಂಡು, ಲಗೇಜು ಹೆಚ್ಚಾದ ದಿನ ಬಾಡಿಗೆ ಕಾರು ಮಾಡಲಿ. ನಾವು ಡೀಸೆಲ್ ಕಾರನ್ನೇ ಮುಂದುವರಿಸುತ್ತೇವೆ, ಏಕೆಂದರೆ ನಮ್ಮ ಕಾರು ಓಡುವುದೆಲ್ಲ ಹೆದ್ದಾರಿಯಲ್ಲಿ, ಕೊನೆಯ ಎರಡು ಕಿಲೋಮೀಟರ್ ತೋಟದ ಕಲ್ಲುದಾರಿಯಲ್ಲಿ. ಅವನು ಶೋರೂಮಿಗೆ ಹೋಗುವ ದಿನ ಅವನ ಅತ್ತೆಯವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಬೇಕು, ಟೆಸ್ಟ್ ಡ್ರೈವಿಗೆ ಎಲ್ಲ ಸೀಟೂ ತುಂಬಿಸಿಕೊಂಡು ಹೊರಡಬೇಕು ಎಂದು ಹೇಳಿದ್ದೇನೆ. ಹೊಸಕೋಟೆಯ ಕಡೆ ಒಂದು ಸುತ್ತು ಹೋಗಿ ಬರಲು ಬಿಡದ ಶೋರೂಮಾದರೆ ಬೇರೆಯದಕ್ಕೆ ಹೋಗಲಿ.